ಅಪ್ಪನ ವಿಮಾನ ಇಳಿದ ಮೇಲೆ

ಸಿರುಗುಪ್ಪ,
ಜೂನ್ ಹದಿನೇಳು, ಮಂಗಳವಾರ

ಪ್ರೀತಿಯ ಅಪ್ಪಾ,

ನಿನ್ನ ಮಗಳು ಆಸ್ಫಿಯಾಳ ಸಲಾಂ. ಸಕ್ಕರೆ ಕಾಯಿಲೆಯ ಗುಳಿಗೆ ತಪ್ಪದೆ ತೆಗೆದುಕೊಳ್ಳುತ್ತಿದ್ದೀಯಾ? ಊರಿಗೆ ಬರುವ ಆತುರದಲ್ಲಿ ಗುಳಿಗೆಗಳನ್ನೂ ಪೆಟ್ಟಿಗೆಯ ತಳಕ್ಕೆ ಹಾಕಿ ಹಗ್ಗ ಬಿಗಿದಿದ್ದೀಯ ಎಂದು ಅಮ್ಮನಿಗೆ ಅನುಮಾನ. ಹಾಗಿದ್ದರೆ ಮೊದಲು ಹಗ್ಗ ಬಿಚ್ಚು. ಶಾರ್ಜಾದ ಬಿಸಿಲು ಹೇಗಿದೆಯೋ, ರಾತ್ರಿ ನಿದ್ದೆ ಬರುತ್ತದೆಯೋ ಇಲ್ಲವೋ. ಇಲ್ಲಿ ಅಮ್ಮ ಆರಾಮಾಗಿದ್ದಾಳೆ. ನೀನು ದಿನಾ ಫೋನ್ ಮಾಡುತ್ತೀ, ಆದರೂ ಪತ್ರ ಯಾಕೆ ಎಂದುಕೊಳ್ಳಬೇಡ. ನಿನ್ನ ಫೋನು ಬಂದರೆ ಮನೆಯವರೆಲ್ಲ ಸ್ಪೀಕರ್ ಹಾಕಿಕೊಂಡು ಸುತ್ತ ಕೂರುತ್ತಾರೆ. ಅಷ್ಟು ಜನರ ನಡುವೆ ನನಗೆ ಬಾಯಿ ಏಳುವುದಿಲ್ಲ ಎಂಬುದು ನಿನಗೆ ಗೊತ್ತಲ್ಲ. ಐದನೆಯ ಕ್ಲಾಸಿನವರೆಗೆ ಕಲಿತ ಅಕ್ಷರಗಳು ಇನ್ನೂ ಕೈಯಲ್ಲಿವೆ. ಬರೆದು, ಫೋಟೋ ತೆಗೆದು ಕಳಿಸುತ್ತೇನೆ. ಒಬ್ಬನೇ ಇದ್ದಾಗ ಓದು.

ಶನಿವಾರ ಇಲ್ಲಿ ನಡೆದದ್ದನ್ನು ನಿನಗೆ ಯಾರೂ ಪೂರ್ತಿ ಹೇಳಿಲ್ಲ, ಚಿಕ್ಕಪ್ಪನ ಮಾನ ಕಾಪಾಡುತ್ತಿದ್ದಾರೆ. ನಿನ್ನ ವಿಮಾನ ಶನಿವಾರ ರಾತ್ರಿ ಎಂದು ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದೆವು. ಅದು ಹೊರಡುವುದು ಹನ್ನೆರಡು ದಾಟಿದ ಮೇಲೆ. ನಮಗೆ ಕೋಳಿ ಕೂಗುವವರೆಗೂ ಶನಿವಾರವೇ, ಫೋನಿಗೆ ಮಾತ್ರ ಹನ್ನೆರಡು ಹೊಡೆದ ಕೂಡಲೇ ಭಾನುವಾರ. ಖಾಸಿಂ ಚಿಕ್ಕಪ್ಪ ಮಧ್ಯಾಹ್ನ ಫೋನಿನಲ್ಲಿ ನಿನ್ನ ವಿಮಾನದ ನಂಬರಿಗೆ ಶನಿವಾರದ ತಾರೀಖು ಹಾಕಿ ನೋಡಿದ್ದಾನೆ. ಹಿಂದಿನ ರಾತ್ರಿ ಹೊರಟು ಬೆಳಗ್ಗೆಯೇ ಹೈದರಾಬಾದಿಗೆ ಬಂದಿದ್ದ ವಿಮಾನ ಅದು. ಹಸಿರು ಅಕ್ಷರದಲ್ಲಿ ಇಳಿದಿದೆ ಎಂದು ಬಂತು. ಆಗ ಚಿಕ್ಕಪ್ಪನ ಕೂಗು ನೀನು ಕೇಳಬೇಕಿತ್ತು. "ಅತ್ತಿಗೀ, ಅಣ್ಣ ಆಗಲೇ ಇಳದುಬಿಟ್ಟಾನ! ನಾವಿನ್ನೂ ಸಾರು ಕಾಸ್ಕೊಂತ ಕುಂತೀವಿ!" ನಿನಗೆ ಫೋನ್ ಮಾಡಿದರೆ ನೀನು ಎತ್ತಲಿಲ್ಲ. ಪಾಪ, ಅಣ್ಣ ಏರ್‌ಪೋರ್ಟಿನ ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ನಿಂತಿದ್ದಾನೆ ಎಂದು ಹುಲಿಗೇಶನ ಕ್ರೂಸರ್‌ನಲ್ಲಿ ಹದಿಮೂರು ಮಂದಿ ಹತ್ತಿದೆವು. ಅಮ್ಮ ಸಾರಿನ ಪಾತ್ರೆಯನ್ನು ತೊಡೆಯ ಮೇಲೇ ಇಟ್ಟುಕೊಂಡಳು. ಆದೋನಿ ಮುಟ್ಟಿದಾಗ ನೀನೇ ಫೋನ್ ಮಾಡಿದೆ. "ಎಲ್ಲಿ ಇಳೀಲೋ ಮಾರಾಯ? ರೂಮಿನ್ಯಾಗ ಮಲಗೀನಿ!" ಎಂದೆಯಲ್ಲ, ಆಗ ಹುಲಿಗೇಶ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದ. ಕನ್ನಡಿಯಲ್ಲಿ ಹಿಂದೆ ನೋಡಿ, "ವಿಮಾನ ಇಳೀದಿದ್ರ ಬಿಡ್ರಿ ಸಾಹೇಬ್ರ, ಡೀಸೆಲ್ ಅಂತೂ ಇಳದೈತಿ" ಎಂದ. ಚಿಕ್ಕಪ್ಪ ಸಿರುಗುಪ್ಪ ಬರುವವರೆಗೂ ಟವೆಲ್ಲಿನಿಂದ ಮುಖ ಮುಚ್ಚಿಕೊಂಡಿದ್ದ.

ಅಂದಿನಿಂದ ಫೋನು ನೋಡುವ ಕೆಲಸ ನನ್ನದು. ಗಾದಿಯ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ನಿನ್ನ ವಿಮಾನದ ನಂಬರನ್ನು ಗೋಡೆಯ ಮೇಲೆ ಬರೆದುಕೊಂಡಿದ್ದೇನೆ. ಇಂಗ್ಲಿಷ್ ಓದಲು ಬರದಿದ್ದರೂ ಅಕ್ಷರಗಳನ್ನು ಒಂದೊಂದಾಗಿ ಹೊಂದಿಸಿ ಒತ್ತುತ್ತೇನೆ. ಭಾನುವಾರದ್ದು ಕೆಂಪು, ಅಂದರೆ ರದ್ದು. ಏಜೆಂಟ್ ಬದಲಿಸಿಕೊಟ್ಟ ಸೋಮವಾರದ್ದೂ ಕೆಂಪು. ಚಿಕ್ಕಪ್ಪ ಬಳ್ಳಾರಿಗೆ ಹೋಗಿ ಗಾಂಧಿನಗರದ ಟಿಕೆಟ್ ಅಂಗಡಿಯಲ್ಲಿ ಕೇಳಿದರೆ, ಆ ಕಡೆ ಯುದ್ಧ ಶುರುವಾಗಿ ಆಕಾಶದ ದಾರಿಯನ್ನೇ ಮುಚ್ಚಿದ್ದಾರೆ, ಯಾವಾಗ ಬಿಡುತ್ತಾರೋ ತಮಗೂ ತಿಳಿಯದು ಎಂದರಂತೆ. ಬರುವ ಭಾನುವಾರ ನನ್ನ ನಿಕಾಹ್. ಅಷ್ಟರೊಳಗೆ ಒಂದು ಹಸಿರು ಬರಲಿ ಎಂದು ಗಾದಿ ಹೊಲಿಯುತ್ತ, ಸೂಜಿಗೆ ದಾರ ಪೋಣಿಸುವಾಗಲೆಲ್ಲ ಒಮ್ಮೆ ನೋಡುತ್ತೇನೆ.

ಕುರುಗೋಡಿನಿಂದ ನಿನ್ನ ಅಳಿಯನಾಗುವ ರಫೀಕನ ಅಜ್ಜಿ ನಿನ್ನೆ ತಾನೇ ಬಂದಿದ್ದಳು. "ಅಪ್ಪ ಬರದಿದ್ರೇನಾತು, ಚಿಕ್ಕಪ್ಪ ಇಲ್ಲೇನು? ಮೊಹರಂ ಚಂದ್ರ ಕಾಣೋದ್ರೊಳಗ ಮುಗಿಸ್ರಿ" ಎಂದಳು. ಅವಳದು ತಪ್ಪಲ್ಲ. ಮೊಹರಂ ತಿಂಗಳಲ್ಲಿ ನಮ್ಮಲ್ಲಿ ಮದುವೆ ಮಾಡುವುದಿಲ್ಲ, ಈ ಭಾನುವಾರ ಬಿಟ್ಟರೆ ಆಗಸ್ಟಿಗೇ ಹೋಗುತ್ತದೆ. ನೀನು ಫೋನಿನಲ್ಲಿ ಅನುಮತಿ ಕೊಟ್ಟರೆ ಚಿಕ್ಕಪ್ಪ ನಿನ್ನ ಜಾಗದಲ್ಲಿ ಕೂರಬಹುದಂತೆ. ಅಮ್ಮ ಆಗಲಿ ಎಂದು ತಲೆಯಾಡಿಸಿದಳು. ಆಮೇಲೆ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಸಾರಿನ ಪಾತ್ರೆಯನ್ನೇ ಮತ್ತೆ ತೊಳೆದಳು. ನೀನೋ ರಾತ್ರಿ ಫೋನಿನಲ್ಲಿ, "ತೆವಳ್ಕೊಂತ ಆದ್ರೂ ಬರ್ತೀನಿ. ಬಸ್ಸಿನ್ಯಾಗ ಗಡಿ ದಾಟಿ ಮಸ್ಕತ್‌ಗೆ ಹೋಗಿ ಅಲ್ಲಿಂದ ಹತ್ತತೀನಿ. ಒಬ್ಬ ಏಜೆಂಟ್ ಗುರುವಾರ ವೀಸಾಕ್ಕ ಪಾಸ್‌ಪೋರ್ಟ್ ಒಯ್ತಾನಂತ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ನಿನ್ನ ರೂಮಿನವನೊಬ್ಬ ಹಾಗೆ ಹೋದವನು ಗಡಿಯಲ್ಲಿ ಇಡೀ ದಿನ ಬಿಸಿಲಲ್ಲಿ ಕೂತು ವಾಪಸ್ ಬಂದ ಎಂದು ನೀನೇ ಹಿಂದಿನ ದಿನ ಹೇಳಿದ್ದೆ. ಅವನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ.

ಅಪ್ಪಾ, ನಮ್ಮ ಕಡೆ ನಿಕಾಹಿನ ದಿನ ಹೆಣ್ಣಿನ ಒಪ್ಪಿಗೆ ಕೇಳಲು ಹಿರಿಯರು ಒಳಗೆ ಬರುತ್ತಾರಲ್ಲ, ಯಾವ ಹುಡುಗಿಯೂ ಬಾಯಿ ಬಿಡುವುದಿಲ್ಲ. ಪಕ್ಕದಲ್ಲಿ ಕೂತ ಅತ್ತೆಯೋ ಅಜ್ಜಿಯೋ "ಹೂಂ ಅಂದ್ಳು, ಹೂಂ ಅಂದ್ಳು" ಎಂದುಬಿಡುತ್ತಾರೆ. ನನ್ನ ಪಾಲಿಗಂತೂ ಹಾಗೇ ಆಗುತ್ತದೆ, ಯಾಕೆಂದರೆ ನಾನು ಸುಮ್ಮನಿರುವವಳು ಎಂದು ಎಲ್ಲರಿಗೂ ಗೊತ್ತು. ಆ ದಿನ ಸೆರಗಿನೊಳಗೆ ಕೂತು ಬೇಡ ಎಂದರೆ ಯಾರಿಗೂ ಕೇಳಿಸುವುದಿಲ್ಲ. ಹೇಳುವುದಿದ್ದರೆ ಅದಕ್ಕೆ ಮುಂಚೆಯೇ ಹೇಳಬೇಕು.

ಚಿಕ್ಕಪ್ಪನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ. ಅವನು ಈಗ ಯಾರಾದರೂ ವಿಮಾನ ಎಂದರೆ ಸಾಕು, ಎದ್ದು ಹೊರಗೆ ಹೋಗುತ್ತಾನೆ. ಅಮ್ಮನ ಸಲಾಂ. ಹೊತ್ತಿಗೆ ಸರಿಯಾಗಿ ಉಣ್ಣು. ಅಲ್ಲಾಹ್ ನಿನ್ನನ್ನು ತಂಪಾಗಿಟ್ಟಿರಲಿ.

ನಿನ್ನ ಮಗಳು
ಆಸ್ಫಿಯಾ

ತಾ.ಕ.: ಇದನ್ನು ಮೊದಲೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ಇವತ್ತು ಅಮ್ಮ ಸಂತೆಗೆ ಹೋದಾಗ ಅವಳ ಫೋನಿನಿಂದ ಕುರುಗೋಡಿಗೆ, ರಫೀಕನಿಗೆ ನಾನೇ ಫೋನ್ ಮಾಡಿದೆ. "ನಮ್ಮಪ್ಪ ಇಳಿದಿದ್ದು ನಾನು ಕಣ್ಣಿಲೆ ನೋಡೂತನಕ ಹೂಂ ಅನ್ನಂಗಿಲ್ಲ. ನಿಮ್ಮಜ್ಜಿಗೆ ಹೇಳ್ರಿ" ಎಂದೆ.  ಅವನು, "ನಿಮಗ ಇಷ್ಟು ಮಾತು ಬರ್ತಾವಂತ ನನಗ ಯಾರೂ ಹೇಳಿರ್ಲಿಲ್ಲ. ಆಗಸ್ಟಿಗೆ ಇಟ್ಕೊಳ್ಳೋಣ, ಅಜ್ಜಿಗೆ ನಾನು ಹೇಳ್ತೀನಿ" ಎಂದ. ಮನೆಯಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ, ಸಂಜೆ ನಾನೇ ಹೇಳುತ್ತೇನೆ. ಗುರುವಾರ ಆ ಏಜೆಂಟ್ ಬಂದರೆ ಪಾಸ್‌ಪೋರ್ಟ್ ಕೊಡಬೇಡ, ಅಪ್ಪಾ.