ಕೈ ತೂರುವಷ್ಟು ಕಿಂಡಿ

ನರಿನ್, ಸೆಪ್ಟೆಂಬರ್ ಇಪ್ಪತ್ತು

ಮೇಸ್ತ್ರಿ ಕಚ್ಕಿನ್‌ಬಾಯ್ ಅವರಿಗೆ ಸಲಾಂ.

ಹಿಮ ಬೀಳುವ ಮೊದಲು ನಮ್ಮ ಮನೆಯ ನಾಲ್ಕೂ ಕಿಟಕಿ ಕಿತ್ತು ಪ್ಲಾಸ್ಟಿಕ್ ಚೌಕಟ್ಟಿನವನ್ನು ಹಾಕಲು ನನ್ನ ಮಗಳು ಅನಾರಾ ನಿಮಗೆ ಹೇಳಿದ್ದಾಳೆ. ಮೂರು ಹಾಕಿ. ಅಡುಗೆಮನೆಯದನ್ನು ಮುಟ್ಟಬೇಡಿ. ಅವಳು ಫೋನ್ ಮಾಡಿ ಏನೇ ಹೇಳಿದರೂ ಮನೆ ನನ್ನದು.

ಅದರ ಮರ ಕೊಳೆತಿದೆ, ಒಪ್ಪುತ್ತೇನೆ. ಪ್ರತಿ ಚಳಿಗಾಲ ಸಂದುಗಳಿಗೆ ಸೋಪು ಸವರಿದ ಬಟ್ಟೆಪಟ್ಟಿ ಅಂಟಿಸುವವಳು ನಾನೇ. ಮೇಲಿನ ಮೂಲೆಯ ಪುಟ್ಟ ಕಿಂಡಿಗೆ ಮಾತ್ರ ಅಂಟಿಸುವುದಿಲ್ಲ. ನನ್ನ ಮಗ ಮೆದೆರ್ ಕೆಳಬಾಗಿಲಿನ ಬೀಗದ ಕೈ ಒಯ್ಯುವವನೇ ಅಲ್ಲ. ಕೆಳಗೆ ನಿಂತು, "ಅಮ್ಮಾ, ಕೀ ಎಸಿ, ಮರಗಟ್ಟಿ ಹೋದೆ!" ಎಂದು ಕೂಗುತ್ತಿದ್ದ. ನಾನು ಅದನ್ನು ಕಾಲುಚೀಲದಲ್ಲಿ ಗಂಟು ಕಟ್ಟಿ, "ತಲೆ ಮೇಲೆ ಬಿದ್ರೆ ಬುದ್ಧೀನಾದ್ರೂ ಬರುತ್ತೆ, ತಗೋ!" ಎಂದು ಮೂರನೇ ಮಹಡಿಯ ಆ ಕಿಂಡಿಯಿಂದ ಎಸೆಯುತ್ತಿದ್ದೆ.

ನಿಮ್ಮ ಗಾಜು ಮೂರು ಪದರದ್ದಂತೆ. ಬೀದಿಯ ಕೂಗು ಒಳಗೆ ಕೇಳಿಸುವುದೇ ಇಲ್ಲವಂತೆ.

"ಇನ್ಯಾರಮ್ಮ ಕೂಗ್ತಾರೆ?" ಎಂದು ಅನಾರಾ ಅಳುತ್ತಾಳೆ. ಮಾರ್ಚಿನಲ್ಲಿ, ಮಗ ದುಡಿಯಲು ಹೋಗಿದ್ದ ರಷ್ಯಾದ ಕಟ್ಟಡ ಕೆಲಸದ ಜಾಗದಿಂದ ಬಂದ ತಗಡಿನ ಪೆಟ್ಟಿಗೆಯನ್ನು ನಾವು ಮಣ್ಣು ಮಾಡಿದ್ದು ನಿಜ. ತಂದವರು ಒಳಗಿರುವುದು ಮೆದೆರ್ ಎಂದರು. ತೆರೆಯಕೂಡದು ಎಂದರು, ಮೈ ತೊಳೆಯಲೂ ಬಿಡಲಿಲ್ಲ. ಮುಖದ ನೇರಕ್ಕೆ ಆ ಪೆಟ್ಟಿಗೆಗೂ ಒಂದು ಗಾಜಿನ ಕಿಟಕಿ ಇತ್ತು, ಮೇಸ್ತ್ರಿ. ಒಳಗಿನಿಂದ ಬಣ್ಣ ಬಳಿದಿದ್ದರು.

ಮಂಗಳವಾರ ಅಳತೆಗೆ ಬಂದಾಗ ಬಾಗಿಲು ಬಡಿಯಬೇಡಿ. ಕೆಳಗೆ ನಿಂತು ಕೂಗಿ, ಕೀ ಎಸೆಯುತ್ತೇನೆ.

ಇಂತಿ,
ಮೆದೆರನ ತಾಯಿ ಬುರುಲ್ಚಾ