ತಮಿಳಿನಲ್ಲಿ ನೀನು ಹೇಳಿದ್ದು

ರಮಾ,

ನಿನಗೆ ಓದು ಮರೆತುಹೋಗಿದೆ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ದಿನಾ ನಡೆಯುವವರನ್ನು, ನಾಲ್ಕು ಜನರೊಡನೆ ಬೆರೆಯುವವರನ್ನು, ಎರಡು ಭಾಷೆ ಆಡುವವರನ್ನು ಈ ಮರೆವಿನ ಕಾಯಿಲೆ ಬೇಗ ಹಿಡಿಯದಿರಬಹುದು ಎಂದಿದ್ದರು ಡಾಕ್ಟರು. ಉಳಿದಷ್ಟಾದರೂ ಉಳಿಯಲಿ ಎಂದು ನಿನ್ನನ್ನು ತಿಪ್ಪಸಂದ್ರದ ಮಾರ್ಕೆಟ್ಟಿಗೆ ನಡೆಸಿಕೊಂಡು ಹೋಗುತ್ತೇನೆ.

ಇವತ್ತು ಹೂವಿನ ಚಿಕ್ಕಮುನಿಯಮ್ಮನ ಮುಂದೆ ನೀನು ನನ್ನ ಕೈ ಕೊಸರಿಕೊಂಡು, ಕನ್ನಡವೇ ಮರೆತವಳಂತೆ ನಿನ್ನ ಹಲಸೂರಿನ ತವರಿನ ತಮಿಳಿನಲ್ಲಿ ಅಳುತ್ತಾ ಏನೋ ಹೇಳಿದೆ. ಇಷ್ಟು ವರ್ಷ ಸಂಸಾರ ಮಾಡಿಯೂ ನನಗೆ ಆ ಭಾಷೆ ಬಾರದು.

“ಏನ್ ಹೇಳ್ತಿದಾಳಮ್ಮ?” ಎಂದೆ.

ಆಕೆ ತಲೆ ತಗ್ಗಿಸಿದಳು. “ಈ ಮನುಷ್ಯಂಗೆ ನನ್ನ ಬಿಡೋಕೆ ಹೇಳಿ, ನಮ್ಮನೆಯವ್ರು ಹಸ್ಕೊಂಡು ಕಾಯ್ತಿರ್ತಾರೆ ಅಂತಿದಾರೆ, ಸಾರ್.”

“ಗಂಡ ನಾನೇ ಅಂತ ಹೇಳಮ್ಮ.”

ಆಕೆ ಹೇಳಿದಳು. ನೀನು ಇನ್ನೂ ಜೋರಾಗಿ ಅತ್ತೆ. ಕೊನೆಗೆ ನಾನು, “ಗಂಡನ ಹತ್ರ ಇವ್ರೇ ಕರ್ಕೊಂಡು ಹೋಗ್ತಾರೆ ಅಂತ ಹೇಳ್ಬಿಡು” ಎಂದೆ. ಅದನ್ನು ಕೇಳಿ ನೀನು ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದೆ. ದಾರಿಯುದ್ದಕ್ಕೂ ನನ್ನನ್ನು ಎಳೆದುಕೊಂಡೇ ನಡೆದೆ.

ಈಗ ಗೇಟಿನ ಬಳಿ ನಿಂತು ಬೀದಿ ನೋಡುತ್ತಿದ್ದೀಯ. ತಟ್ಟೆಗೆ ಬಡಿಸಿ ಎಷ್ಟು ಕರೆದರೂ ಬರುತ್ತಿಲ್ಲ. ನನ್ನನ್ನು ಬಿಟ್ಟು ಉಣ್ಣುವ ಅಭ್ಯಾಸ ನಿನಗಿಲ್ಲವಲ್ಲ.