ಗಿರಣಿಯ ಶಟರ್ ಎತ್ತಬೇಡಿ ಎಂದವಳು

ಕಂಬಳಿ ಬೀದಿ, ತುಮಕೂರು
೨೧೮೭, ಫೆಬ್ರವರಿ ೩೦

ಹಿಟ್ಟಿನ ಗಿರಣಿಯ ಶಟರ್ ಮೇಲೆ ಚಿತ್ರ ಬರೆಯಲು ಹೊರಟಿರುವವರಿಗೆ,

ತಾರೀಖು ತಪ್ಪಲ್ಲ. ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದನ್ನು ವರ್ಷದ ಕೊನೆಗೆ ಸೇರಿಸಿದ್ದೇವೆ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಾನು ಓದಿದ್ದೆಲ್ಲ ಇಂಗ್ಲಿಷ್ ಮಾಧ್ಯಮದಲ್ಲಿ. ನೂರೈವತ್ತು ವರ್ಷ ಹಿಂದಿನ ನಿಮ್ಮ ಕಾಲದ ಕನ್ನಡವನ್ನು ಕಲಿತದ್ದು ನೀವೇ ಬಿಟ್ಟುಹೋದ ಟಿಪ್ಪಣಿ ಪುಸ್ತಕದಿಂದ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ದೊಡ್ಡ ಮಳಿಗೆಗಳಿಗೆ ಹೋದ ಜನ ಬೀದಿಗೆ ಮರಳಲಿ, ಸಣ್ಣ ಅಂಗಡಿಗಳು ಉಳಿಯಲಿ ಎಂದು ಬರೆಯುತ್ತಿದ್ದೇವೆ ಎಂದು ಆ ಪುಸ್ತಕದಲ್ಲಿದೆ. ನಿಮ್ಮ ಮನಸ್ಸು ಒಳ್ಳೆಯದೇ. ರಾಗಿ ಡಬ್ಬ ಹಿಡಿದು ಪಾಳಿಗೆ ಕಾಯುವ ಏಳು ಹೆಂಗಸರನ್ನು ಬರೆದಿರಿ. ಒಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಹೇಳಿ ನಗುತ್ತಿದ್ದಾಳೆ. ನೋಡಲು ಜನ ಬಂದರು, ಕಾಫಿ ಕುಡಿದರು, ಕಡ್ಲೆಪುರಿ ಕೊಂಡರು. ಆದರೆ ಅಂಗಡಿ ತೆರೆದಿರುವಷ್ಟು ಹೊತ್ತೂ ಚಿತ್ರ ಮೇಲೆ ಸುತ್ತಿಕೊಂಡಿರುತ್ತದೆ ಎಂಬುದು ನಿಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ?

ಮೊದಲು, ಒಂದು ಗಂಟೆ ತಡವಾಗಿ ತೆರೆಯಿರಿ ಎಂದು ನೋಡಲು ಬಂದವರು ಗಿರಣಿಯವರಿಗೆ ಹೇಳಿದರು. ಆಮೇಲೆ ಮಧ್ಯಾಹ್ನದ ನಂತರ ಎಂದರು. ಚಿತ್ರ ಹಳೆಯದಾಯಿತು, ಹೆಸರಾಯಿತು, ಅದನ್ನು ಕಾಯಲು ಒಂದು ಕಚೇರಿ ಹುಟ್ಟಿತು. ಹದಿನೆಂಟು ವರ್ಷದಿಂದ ನಾನು ಅಲ್ಲಿದ್ದೇನೆ. ಶಟರ್ ಒಮ್ಮೆ ಏರಿ ಇಳಿದರೆ ನಮ್ಮ ಕಡತಗಳಲ್ಲಿ ಅದು ಒಂದು ‘ಸುತ್ತು’. ಪ್ರತಿ ಸುತ್ತಿಗೂ ಬಣ್ಣ ಉದುರುತ್ತದೆ ಎಂದು ಅಳೆದು ತೋರಿಸಿದವಳು ನಾನು. ವರ್ಷಕ್ಕೆ ಹನ್ನೆರಡೇ ಸುತ್ತು ಎಂಬ ನಿಯಮದ ಕರಡೂ ನನ್ನದೇ. ಅಳತೆ ಸರಿಯಾಗಿತ್ತು. ಅದನ್ನು ಹಿಡಿದುಕೊಂಡು ಇಷ್ಟು ವರ್ಷ ಏನನ್ನು ನೋಡದೆ ಇದ್ದೆ ಎಂದು ಈಗ ನನ್ನನ್ನೇ ಕೇಳಿಕೊಳ್ಳುತ್ತೇನೆ.

ಗಿರಣಿ ಈಗ ತಿಂಗಳಿಗೊಂದು ದಿನ ತೆರೆಯುತ್ತದೆ. ಉಳಿದ ದಿನ ಪ್ರವಾಸಿಗರು ಪಾಳಿಯಲ್ಲಿ ನಿಂತು, ಪಾಳಿಯಲ್ಲಿ ನಿಂತವರ ಚಿತ್ರ ನೋಡುತ್ತಾರೆ. ಬೀದಿಯವರಿಗೆ ‘ತೇಲುಚೀಲ’ ಬರುತ್ತದೆ, ಅಂದರೆ ಆಕಾಶದಿಂದ ತಾರಸಿಗೆ ಇಳಿಯುವ ದಿನಸಿಯ ಗಂಟು. ಅದರಲ್ಲಿ ಹಿಟ್ಟಿರುತ್ತದೆ, ಪಕ್ಕದ ಮನೆಯ ಸುದ್ದಿ ಇರುವುದಿಲ್ಲ. ಕಳೆದ ತಿಂಗಳು ಹೂ ಕಟ್ಟುವ ಜಯಶೀಲಮ್ಮ ಬಚ್ಚಲಲ್ಲಿ ಜಾರಿಬಿದ್ದು ಎರಡು ದಿನ ಯಾರಿಗೂ ತಿಳಿಯಲಿಲ್ಲ. ಗಿರಣಿ ದಿನವೂ ನಡೆಯುತ್ತಿದ್ದರೆ, ಯಾಕೆ ಅವಳು ಬರಲಿಲ್ಲ ಎಂದು ಒಬ್ಬರಾದರೂ ಕೇಳುತ್ತಿದ್ದರು.

ನಿನ್ನೆ ನನ್ನ ಮೇಜಿಗೆ ‘ಸೊನ್ನೆ ಸುತ್ತಿನ’ ಆದೇಶ ಬಂತು. ಸಹಿ ಹಾಕಿದರೆ ಆ ಶಟರ್ ಇನ್ನೆಂದೂ ಏಳದು. ತಿಳಿಸಲು ಹೋದೆ. ಗಿರಣಿಯ ಗಂಗಹನುಮಯ್ಯ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಕೇಳಿಸಿಕೊಂಡು, ಚಿತ್ರದ ಕಡೆ ಕೈ ತೋರಿಸಿದರು.

“ಅಮ್ಮಾವ್ರೆ, ಈ ಏಳು ಜನಕ್ಕೆ ನೂರೈವತ್ತು ವರ್ಷದಿಂದ ಪಾಳಿ ಬಂದಿಲ್ಲ. ಬೀದಿಯೋರ್ಗಾದ್ರೂ ಬರ್ಲಿ ಬಿಡಿ.”

ಕೈಗೆ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲೇ ಕೂತಿದ್ದ ಜಯಶೀಲಮ್ಮ ನಕ್ಕಳು. “ನನ್ನೂ ಒಂದ್ ಮೂಲೇಲಿ ಬರ್ದ್ಬುಡಿ ಮೇಡಂ. ಬಣ್ಣ ಹಚ್ಚುದ್ರೆ ತಾನೆ ನಿಮ್ ಆಫೀಸ್ನೋರು ದಿನಾ ಬಂದು ನೋಡೋದು.”

ಆದೇಶವನ್ನು ಚೀಲದಿಂದ ಹೊರಗೆ ತೆಗೆಯದೆ ಹಿಂತಿರುಗಿದೆ.

ಆದ್ದರಿಂದ ಕೇಳುತ್ತಿದ್ದೇನೆ. ಕುಂಚ ಇನ್ನೂ ಒದ್ದೆಯಾಗಿಲ್ಲದಿದ್ದರೆ ಶಟರನ್ನು ಬಿಟ್ಟು ಪಕ್ಕದ ಗೋಡೆಗೆ ಬರೆಯಿರಿ. ಬಾಗಿಲು ತೆರೆದಿರುವಾಗಲೂ ಕಾಣಲಿ. ಬರೆದೇ ಆಗಿದ್ದರೆ, ಹೆಂಗಸರ ಕಾಲ ಬಳಿ ಒಂದು ಸಾಲು ಸೇರಿಸಿ: ‘ಬಣ್ಣ ಉದುರಿದರೆ ಉದುರಲಿ, ಅಂಗಡಿ ತೆರೆಯಿರಿ.’ ಮುಂದೊಂದು ದಿನ ಅಳತೆಪಟ್ಟಿ ಹಿಡಿದು ನನ್ನಂಥವಳೊಬ್ಬಳು ಬರುತ್ತಾಳೆ. ಚಿತ್ರದೊಳಗೇ ಇರುವ ನಿಮ್ಮ ಮಾತನ್ನು ಅವಳು ಮೀರಲಾರಳು.

ಆ ಸಾಲು ಇವತ್ತಿನವರೆಗೂ ಅಲ್ಲಿ ಕಂಡಿಲ್ಲ. ನಾಳೆ ಬೆಳಿಗ್ಗೆ ಎರಡು ಕಿಲೋ ರಾಗಿ ತುಂಬಿಕೊಂಡು ಹೋಗುತ್ತೇನೆ. ಸಹಿ ಹಾಕುವ ಬೇರೆ ಕೈಗಳಿವೆ, ಬಲ್ಲೆ. ಅವರು ಬರುವ ಮೊದಲು, ಶಟರ್ ಎತ್ತಿ ಎಂದು ಗಂಗಹನುಮಯ್ಯನವರಿಗೆ ನಾನೇ ಹೇಳುತ್ತೇನೆ.

ಮೃದುಲಾ